ಮೋಲ್ ಕೆದರಿದ ಮರ್ಯಾದೆ

ಅಮೆರಿಕದ ಸಿಯಾಟಲ್ ಕಡೆ ಮನೆ ಕೊಂಡರೆ ಮುಂದೆ ಒಂದು ಲಾನ್ ಬರುತ್ತದೆ. ಲಾನಿನ ಅಡಿಯಲ್ಲಿ ಸುರಂಗ ಕೊರೆಯುವ ಮೋಲ್ ಅನ್ನುವ ಒಂದು ಪುಟ್ಟ ಪ್ರಾಣಿ ಕೂಡ ಬರಬಹುದು. ಇದನ್ನು ಮನೆ ಮಾರುವವರು ಹೇಳುವುದಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ಹುಲ್ಲಿನ ತುಂಬ ಮಣ್ಣಿನ ಗುಡ್ಡೆಗಳು ಎದ್ದಿರುತ್ತವೆ. ಹತ್ತಾರು ಗುಡ್ಡೆ ನೋಡಿ ದೊಡ್ಡ ಸಂಸಾರವೇ ಇದೆ ಅನ್ನಿಸುತ್ತದೆ. ಇಲ್ಲ, ಸಾಮಾನ್ಯವಾಗಿ ಅಷ್ಟೂ ಒಂದೇ ಮೋಲಿನ ಕೆಲಸ. ಅದು ಒಂಟಿ ಪ್ರಾಣಿ.

ಊರಿಂದ ಬಂದವರು ನೋಡಿ ಹೆಗ್ಗಣ ಅನ್ನುತ್ತಾರೆ. ಮೋಲ್ ಇಲಿಯ ಜಾತಿಯೇ ಅಲ್ಲ, ಸುಂಡಿಲಿಗೆ ದಾಯಾದಿ. ಮಖಮಲ್ಲಿನ ಮೈ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ಕಣ್ಣು. ತುಪ್ಪಳವನ್ನು ಯಾವ ಕಡೆಗೆ ಸವರಿದರೂ ಮಲಗುತ್ತದೆ, ಹಾಗಾಗಿ ಸುರಂಗದಲ್ಲಿ ಹಿಂದಕ್ಕೂ ಸಲೀಸಾಗಿ ಓಡುತ್ತದೆ. ಇಲ್ಲಿಯ ಟೌನ್‌ಸೆಂಡ್ ಮೋಲ್ ಉತ್ತರ ಅಮೆರಿಕಕ್ಕೇ ದೊಡ್ಡದು. ದೊಡ್ಡದು ಅಂದರೆ ಬಾಲ ಸೇರಿ ಒಂದು ಗೇಣು!

ಅದಕ್ಕೆ ಬೇಕಾದ್ದು ಎರೆಹುಳು. ನಮ್ಮ ಹುಲ್ಲು ಬೇಡ. ಹುಳು ಹುಡುಕಿಕೊಂಡು ಅಗೆಯುತ್ತದೆ, ಅಗೆದ ಮಣ್ಣನ್ನು ಎಲ್ಲಾದರೂ ಹಾಕಬೇಕಲ್ಲ, ಮೇಲಕ್ಕೆ ತಳ್ಳುತ್ತದೆ. ಲೆಕ್ಕ ಹಾಕಿದರೆ ನಮಗೆ ಹೋಗುವುದು ಮರ್ಯಾದೆಯೊಂದೇ. ನಾಲ್ಕು ಜನ ಏನಂದಾರು ಅನ್ನುವ ಚಿಂತೆಯನ್ನು ತಿಪಟೂರಿನಲ್ಲೇ ಬಿಟ್ಟು ಬಂದೆವು ಅಂದುಕೊಂಡರೆ, ಅದು ನಮಗಿಂತ ಮೊದಲೇ ವೀಸಾ ಮಾಡಿಸಿಕೊಂಡು ಬಂದು ಕೂತಿತ್ತು.

ಪ್ರಾಣ ಹೋದದ್ದೂ ಉಂಟು ಅನ್ನಿ. ಇಂಗ್ಲೆಂಡಿನ ದೊರೆ ಮೂರನೇ ವಿಲಿಯಂನ ಕುದುರೆ 1702ರಲ್ಲಿ ಮುಗ್ಗರಿಸಿತು. ಬಿದ್ದು ಎಲುಬು ಮುರಿದುಕೊಂಡ ದೊರೆ ಕೆಲವೇ ದಿನಗಳಲ್ಲಿ ತೀರಿಕೊಂಡ. ಕುದುರೆ ಎಡವಿದ್ದು ಮೋಲ್ ಗುಡ್ಡೆಗೆ ಅಂತ ಕತೆ. ಅವನಿಗೆ ಆಗದವರು ಕಪ್ಪು ಮಖಮಲ್ ತೊಟ್ಟ ಪುಟ್ಟ ಮಹಾಶಯನ ಹೆಸರು ಹೇಳಿ ಕುಡಿಯುತ್ತಿದ್ದರಂತೆ. ನಮ್ಮ ಬೀದಿಗೆ ಬರುವುದು ಅಮೆಜಾನ್ ವ್ಯಾನು, ಅದು ರಸ್ತೆಯಲ್ಲೇ ನಿಲ್ಲುತ್ತದೆ.

ಓಡಿಸುವ ಉಪಾಯಗಳಿಗೆ ಬರವಿಲ್ಲ. ಬಿಲಕ್ಕೆ ಚ್ಯೂಯಿಂಗ್ ಗಮ್ ಹಾಕಿ ಅನ್ನುವವರಿದ್ದಾರೆ. ಹುಳು ತಿನ್ನುವ ಪ್ರಾಣಿ ಗಮ್ ಯಾಕೆ ತಿಂದೀತು? ಬ್ಯಾಟರಿ ಹಾಕಿದರೆ ಗುಂಯ್ ಅನ್ನುವ ಗೂಟ ಸಿಗುತ್ತದೆ. ಅದರಿಂದ ನಿದ್ದೆ ಕೆಟ್ಟದ್ದು ನಮ್ಮದೇ. ನಿಜವಾಗಿ ಕೆಲಸ ಮಾಡುವುದು ಮೈ ಅಮುಕಿ ಹಿಡಿಯುವ ಬೋನು. ಆದರೆ ಸಿಯಾಟಲ್ ಇರುವ ನಮ್ಮ ವಾಷಿಂಗ್ಟನ್ ರಾಜ್ಯದ ಜನ 2000ದಲ್ಲಿ ವೋಟು ಹಾಕಿ ಅಂಥ ಬೋನುಗಳಿಗೆ ನಿಷೇಧ ತಂದರು. ಮೋಲಿಗೆ ವೋಟಿಲ್ಲದಿದ್ದರೂ ಗೆದ್ದದ್ದು ಅದೇ.

ಇನ್ನೊಂದಿದೆ, ಹರಳೆಣ್ಣೆ. ನೀರಿಗೆ ಬೆರೆಸಿ ಲಾನಿಗೆ ಹೊಡೆಯಬೇಕು. ಅಮೆರಿಕದ ಪೂರ್ವದ ಕಡೆಯ ಮೋಲ್‌ಗಳು ಇದಕ್ಕೆ ಸ್ವಲ್ಪ ಹೆದರುತ್ತವಂತೆ. ನಮ್ಮ ಕಡೆಯವು ಕೇಳುವ ಹಾಗೆ ಕಾಣುವುದಿಲ್ಲ. ಜಗತ್ತಿನ ಹರಳೆಣ್ಣೆಯಲ್ಲಿ ಬಹುಪಾಲು ಭಾರತದ್ದೇ, ಅದರಲ್ಲೂ ಗುಜರಾತಿನದು ಜಾಸ್ತಿ. ಅಷ್ಟು ದೂರದಿಂದ ಬಂದ ಎಣ್ಣೆಯನ್ನು ನಾನು ಹುಲ್ಲಿಗೆ ಹೊಡೆಯುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನೋ, ಇಲ್ಲಿ ಹುಲ್ಲಿಗೂ ಹೊಟ್ಟೆ ಕಟ್ಕೊಳ್ಳತ್ತಾ?" ಅಂದರು. ತಲೆಗೆ ಹಚ್ಚಲು ಅಂತ ಉಳಿದ ಎಣ್ಣೆ ಕೇಳಿದರು. ಬಾಟಲಿಯ ಮೇಲೆ ಬರೆದದ್ದನ್ನು ಓದಿ ಹೇಳಿ ತಡೆಯಬೇಕಾಯಿತು.

ಮಾರನೆಯ ದಿನ ಅವರು ಬಕೆಟ್ ಹಿಡಿದು ಗುಡ್ಡೆಗಳನ್ನು ಬಾಚುತ್ತಿದ್ದರು. "ದುಡ್ಡು ಕೊಟ್ಟು ಚೀಲದಲ್ಲಿ ಮಣ್ಣು ತರ್ತೀಯ. ಇದನ್ನು ನೋಡು, ಜರಡಿ ಹಿಡಿದ ಹಾಗಿದೆ." ಆ ಮಣ್ಣನ್ನು ಕುಂಡಗಳಿಗೆ ತುಂಬಿ ಕಿಟಕಿ ಪಕ್ಕ ಇಟ್ಟು ಮೆಂತ್ಯ ಹಾಕಿದರು. ಸೊಪ್ಪು ಚೆನ್ನಾಗಿ ಬಂತು. ಆಮೇಲೆ ಎರಡು ದಿನ ಗುಡ್ಡೆ ಏಳದಿದ್ದರೆ, "ಯಾಕೋ, ಎಲ್ಲಿ ಹೋಯ್ತೋ ಅದು?" ಅಂತ ವಿಚಾರಿಸುತ್ತಿದ್ದರು.

ಈಗ ಪಕ್ಕದ ಮನೆಯ ಲಾನಿನಲ್ಲಿ ಗುಡ್ಡೆಗಳು ಎದ್ದಿವೆ. ನಮ್ಮಲ್ಲಿ ಇಲ್ಲ. ಆ ಮನೆಯವರು ಬೇಲಿಯ ಬಳಿ ಬಂದು, ಅಂಥದ್ದೇನು ಹಾಕಿದಿರಿ ಅಂತ ಕೇಳಿದರು. ಹರಳೆಣ್ಣೆ ಅಂದೆ. ಬಹಳ ಹಳೆಯ ಭಾರತೀಯ ಔಷಧ ಅಂತಲೂ ಸೇರಿಸಿದೆ.