ಬಿಳಿ ಪಂಚೆಗೂ ಕರಿ ಟೈರಿಗೂ ಆಗಿಬರದು

ಬಿಳಿ ಪಂಚೆ ಉಟ್ಟ ದಿನವೇ ಟೈರು ಪಂಕ್ಚರ್ ಆಗುತ್ತದೆ ಎಂಬುದಕ್ಕೆ ಶಾಸ್ತ್ರಾಧಾರ ಇಲ್ಲದಿದ್ದರೂ ಅನುಭವದ ಆಧಾರ ನನ್ನಲ್ಲಿ ಬೇಕಾದಷ್ಟಿದೆ. ಸುಳ್ಯದ ಕಡೆಯ ಮದುವೆಯೊಂದಕ್ಕೆ ಹೊರಟವನು ದಾರಿಬದಿಯಲ್ಲಿ ಸ್ಟೆಪ್ನಿ ಬದಲಿಸಿ, ಮುಹೂರ್ತಕ್ಕೆ ಸರಿಯಾಗಿ ತಲುಪಿದಾಗ, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಂತ ಭಾವ, ಡಾಮರು ಹಾಕುವ ಕಂಟ್ರಾಕ್ಟು ಹಿಡಿದದ್ದಾ?” ಎಂದು ಹತ್ತು ಜನರಿಗೆ ಕೇಳುವಂತೆ ವಿಚಾರಿಸಿದರು. ಮೊಣಕಾಲಿನ ಬಳಿ ಅಂಗೈಯಗಲದ ಮಸಿ, ಜರಿಯಂಚಿನ ಮೇಲೆ ಟೈರಿನ ಹಲ್ಲುಗಳ ಗುರುತು, ಒರೆಸಲು ಹೋದ ಕರವಸ್ತ್ರವೂ ಅದರದೇ ಪಾಲು.

ಆ ಮನೆಯ ಹಿಂದೆಯೇ ರಬ್ಬರ್ ತೋಟವಿತ್ತು. ಬೆಳಗಿನ ಟ್ಯಾಪಿಂಗ್ ಮುಗಿದ ಮರಗಳ ತೊಗಟೆಯ ಗೀರಿನಿಂದ ಗೆರಟೆಗೆ ತೊಟ್ಟಿಕ್ಕುತ್ತಿದ್ದ ಹಾಲು, ನನ್ನ ಪಂಚೆ ಮನೆ ಬಿಡುವಾಗ ಇದ್ದಷ್ಟೇ ಬೆಳ್ಳಗಿತ್ತು. ಅದಕ್ಕೆ ಆಸಿಡ್ ಬೆರೆಸಿ, ಹೆಪ್ಪುಗಟ್ಟಿಸಿ, ಶೀಟು ಮಾಡಿ ಹೊಗೆಗೆ ಹಾಕಿದರೂ ಕಂದಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಮೊದಮೊದಲ ಟೈರುಗಳೂ ಬಿಳಿಚಿಕೊಂಡೇ ಇದ್ದವು. ಮಿಶೆಲಿನ್ ಕಂಪನಿಯವರು ಟೈರುಗಳನ್ನು ಪೇರಿಸಿದಂತೆ ಕಾಣುವ ತಮ್ಮ ಗೊಂಬೆಯನ್ನು 1898ರಲ್ಲಿ ಬಿಳಿಯಾಗಿ ಚಿತ್ರಿಸಿದ್ದು ಅದೇ ಕಾರಣಕ್ಕೆ. ಬದುಕೆಲ್ಲ ಟೈರಿನ ವ್ಯವಹಾರದಲ್ಲಿಯೇ ಕಳೆದೂ ಮೈಗೆ ಮಸಿ ಹತ್ತಿಸಿಕೊಳ್ಳದ ವ್ಯಕ್ತಿ ಭೂಮಂಡಲದಲ್ಲಿ ಅವನೊಬ್ಬನೇ ಇರಬೇಕು.

1910ರ ದಶಕದಲ್ಲಿ ಟೈರಿನ ಹಣೆಬರಹ ಬದಲಾಯಿತು. ಆಗಿನಿಂದ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಬೆರೆಸತೊಡಗಿದರು. ಎಣ್ಣೆಯನ್ನು ಅರೆಬರೆ ಉರಿಸಿ ಹಿಡಿದ ಈ ಮಸಿ, ಅಜ್ಜಿ ಹಣತೆಯ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದ ಕಾಡಿಗೆಯ ದೊಡ್ಡಪ್ಪನ ಮಗನೇ ಸರಿ. ಅದು ಸೇರಿದ ಮೇಲೆ ರಬ್ಬರು ಸವೆಯುವುದು ಎಷ್ಟೋ ಪಾಲು ಕಡಿಮೆಯಾಯಿತು, ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿರುಕು ಬಿಡುವುದು ತಗ್ಗಿತು, ಓಡುವಾಗ ಹುಟ್ಟುವ ಶಾಖ ಒಂದೆಡೆ ನಿಲ್ಲದೆ ಹರಡಿಹೋಗುವಂತಾಯಿತು. ಇಷ್ಟೆಲ್ಲ ಗುಣವಂತ ಪದಾರ್ಥವು ಕಣ್ಣಿಗೆ ಹತ್ತಿದರೆ ಅಲಂಕಾರ, ಪಂಚೆಗೆ ಹತ್ತಿದರೆ ಹೊಸ ಪಂಚೆ. ಮಸಿಯ ಕಣಗಳು ನೂಲಿನ ಎಳೆಗಳೊಳಗೆ ನುಸುಳಿ ಕುಳಿತುಬಿಡುತ್ತವೆ, ಮತ್ತು ಇಂಗಾಲವು ಸೋಪಿಗಾಗಲಿ ಸೀಮೆಎಣ್ಣೆಗಾಗಲಿ ಕರಗುವ ಜಾತಿಯದಲ್ಲ.

ಈ ವಿಷಯದಲ್ಲಿ ರಸ್ತೆಯೇ ಎಷ್ಟೋ ಮೇಲು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲುಗಳೆಲ್ಲ ಹೊರಟುಹೋದ ಬಳಿಕ ತಳದಲ್ಲಿ ಉಳಿಯುವ ಕಪ್ಪು ಅಂಟು, ಅಂದರೆ ನಾವು ಡಾಮರು ಎನ್ನುವ ಬಿಟುಮೆನ್, ರಸ್ತೆಯ ಜಲ್ಲಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಹೊಸ ರಸ್ತೆಯನ್ನು ದಾಟುವಾಗ ಅದು ನನ್ನ ಎಡಗಾಲಿನ ಹವಾಯಿ ಚಪ್ಪಲಿಯನ್ನೂ ಹಿಡಿದಿಟ್ಟುಕೊಂಡಿತು. ಚಪ್ಪಲಿ ಹಿಂದೆ, ಪಾದ ಮುಂದೆ, ಎದುರಿಗೆ ಹಾರನ್ ಒತ್ತುವ ಬಸ್ಸು. ಆದರೂ ಹಿಮ್ಮಡಿಗೆ ಮೆತ್ತಿದ ಡಾಮರು ತೆಂಗಿನೆಣ್ಣೆ ಸವರಿ ತಿಕ್ಕಿದಾಗ ಮರ್ಯಾದೆಯಿಂದ ಬಿಟ್ಟುಹೋಯಿತು, ಏಕೆಂದರೆ ಅದು ಎಣ್ಣೆಗೆ ಕರಗುವಂಥದ್ದು. ಅದರ ಕಪ್ಪು ಬಣ್ಣಕ್ಕೂ ಆಯುಷ್ಯ ಕಡಿಮೆ. ರಸ್ತೆಯ ಮಿಶ್ರಣದಲ್ಲಿ ಡಾಮರಿನ ತೂಕ ನೂರಕ್ಕೆ ಐದರ ಆಸುಪಾಸು, ಮಿಕ್ಕದ್ದೆಲ್ಲ ಕಲ್ಲು. ಮೇಲಿನ ತೆಳುಪೊರೆಯನ್ನು ಟೈರುಗಳು ಉಜ್ಜಿ, ಬಿಸಿಲು ಗಾಳಿಗಳು ಒಣಗಿಸಿದ ಮೇಲೆ ಜಲ್ಲಿಯ ಬೂದು ಮುಖ ಇಣುಕಿ, ಉದ್ಘಾಟನೆಯ ದಿನ ಮಿರಿಮಿರಿ ಮಿಂಚಿದ್ದ ರಸ್ತೆ ನರೆಗೂದಲಿನ ಬಣ್ಣಕ್ಕೆ ಬರುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಂತೂ ಕಾಂಕ್ರೀಟಿನ ಕಾರಣ ಹುಟ್ಟುವಾಗಲೇ ಬೂದು. ಅವುಗಳ ತಿರುವುಗಳಲ್ಲಿ ಕಪ್ಪು ಗೆರೆ ಎಳೆಯುವುದು ಮತ್ತೆ ಟೈರೇ.

ಕಾರ್ಬನ್ ಬ್ಲ್ಯಾಕ್‌ನ ಬಹುಪಾಲು ಜಾಗಕ್ಕೆ ಬಿಳಿಯ ಸಿಲಿಕಾ ಬೆರೆಸಿದ ಟೈರುಗಳು 1990ರ ದಶಕದಲ್ಲಿಯೇ ಬಂದಿವೆ ಎಂದು ಓದಿ ಹಿಗ್ಗಿದ್ದೆ. ಆದರೆ ಸಿಲಿಕಾ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕಾರಿನ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತು ನೆಲಕ್ಕಿಳಿಯಲೆಂದು ಅವುಗಳಲ್ಲಿಯೂ ಕಾರ್ಬನ್ನಿನ ಪಟ್ಟಿಯೊಂದನ್ನು ಇಡುತ್ತಾರೆ, ಅಂಗಡಿಗೆ ಬರುವಾಗ ಅವೂ ಕಪ್ಪಾಗಿಯೇ ಬರುತ್ತವೆ. ಇತ್ತ ಆಸ್ಪತ್ರೆಯ ಗಾಲಿಕುರ್ಚಿಗೆ ಮಾತ್ರ, ನೆಲದ ಮೇಲೆ ಗೀರು ಬೀಳಬಾರದೆಂದು, ಕಾರ್ಬನ್ ಇಲ್ಲದ ಬೂದು ಟೈರು! ನೆಲಕ್ಕಿರುವ ಮರ್ಯಾದೆ ಪಂಚೆಗೇಕಿಲ್ಲ ಎಂದು ನಮ್ಮೂರ ಟೈರ್ ಅಂಗಡಿಯವರನ್ನು ಕೇಳಿ, ಅಂಥದ್ದೇ ನಾಲ್ಕನ್ನು ನನ್ನ ಕಾರಿಗೂ ತರಿಸಬಹುದೇ ಎಂದೆ. ಅವರು ನಟ್ಟು ಬಿಗಿಯುವುದನ್ನು ನಿಲ್ಲಿಸದೆಯೇ ಹೇಳಿದರು: “ತರಿಸುವ ಸಾರ್. ಆದರೆ ಮತ್ತೆ ಕಾರನ್ನು ನೀವು ಆಸ್ಪತ್ರೆಯ ಒಳಗೆ ಮಾತ್ರ ಓಡಿಸಬೇಕಾಗ್ತದೆ.”