ಸೈನಿಕರಿಗೆ ಸಿಕ್ಕ ರಕ್ಷಣೆ ಹೊಲದ ಕೂಲಿಯವರಿಗೆ ಯಾಕಿಲ್ಲ?

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಧೂಳಿನಿಂದ ಬರುವ ಒಂದು ಕಾಯಿಲೆ ಇದೆ. ವ್ಯಾಲಿ ಫೀವರ್ ಅಂತ ಹೆಸರು. ನಾನಿರುವುದು ಫ್ರೆಸ್ನೋ ಹತ್ತಿರ. ಈ ಕಡೆಯ ಕನ್ನಡಿಗರಲ್ಲೂ ಎಷ್ಟೋ ಜನ ಇದರ ಹೆಸರು ಕೇಳಿಲ್ಲ. ಇದರ ಪೆಟ್ಟು ಜಾಸ್ತಿ ಬೀಳುವುದು ಹೊಲ, ತೋಟಗಳಲ್ಲಿ ದುಡಿಯುವ ಕೂಲಿಯವರ ಮೇಲೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಓದಿ.

ಕಾಕ್ಸಿಡಿಯಾಯ್ಡಿಸ್ ಎಂಬ ಫಂಗಸ್ ಇಲ್ಲಿನ ಮಣ್ಣಿನಲ್ಲೇ ಇರುತ್ತದೆ. ಚಳಿಗಾಲದ ಮಳೆ ಬಿದ್ದಾಗ ಎಳೆ ಎಳೆಯಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಆ ಎಳೆಗಳು ಮುರಿದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತವೆ. ಅಗೆದರೆ, ಉತ್ತರೆ, ಗಾಳಿ ಬೀಸಿದರೆ ಮೇಲೇಳುತ್ತವೆ. ಉಸಿರಿನ ಜೊತೆ ಒಳಗೆ ಹೋದ ಕಣ ಶ್ವಾಸಕೋಶದಲ್ಲಿ ಗುಂಡಗೆ ಊದಿಕೊಂಡು, ಒಡೆದು, ತನ್ನಂಥ ಇನ್ನಷ್ಟನ್ನು ಹರಡುತ್ತದೆ.

ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಇದು. ಸೋಂಕು ತಗುಲಿದ ನೂರರಲ್ಲಿ ಸುಮಾರು 60 ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ಉಳಿದವರಿಗೆ ಒಂದರಿಂದ ಮೂರು ವಾರದೊಳಗೆ ಜ್ವರ, ಕೆಮ್ಮು, ಎದೆನೋವು, ಕೀಲುನೋವು, ಎದ್ದು ಓಡಾಡಲಾಗದಷ್ಟು ಸುಸ್ತು. ಹೆಚ್ಚಿನವರು ಗುಣವಾಗುತ್ತಾರೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಕೆಲವೇ ಕೆಲವರಲ್ಲಿ ಅದು ಮೂಳೆಗೆ, ಚರ್ಮಕ್ಕೆ, ಮಿದುಳಿನ ಪೊರೆಗೆ ಹೋಗುತ್ತದೆ. ಮಿದುಳಿನ ಪೊರೆಗೆ ಹೋದರೆ ಸಾಮಾನ್ಯವಾಗಿ ಬದುಕಿರುವವರೆಗೂ ಮಾತ್ರೆ ನುಂಗಬೇಕು. ಮನುಷ್ಯರಿಗೆ ಇನ್ನೂ ಲಸಿಕೆ ಇಲ್ಲ. 2000ರಲ್ಲಿ ಇಡೀ ರಾಜ್ಯದಲ್ಲಿ ಒಂದು ಸಾವಿರಕ್ಕಿಂತ ಕಡಿಮೆ ಕೇಸ್ ದಾಖಲಾಗಿದ್ದವು. 2024ರಲ್ಲಿ 12 ಸಾವಿರ ದಾಟಿತು.

ನನಗೆ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ.

ಈ ಕಾಯಿಲೆ ಹೇಗೆ ಬರುತ್ತದೆ ಅನ್ನುವುದು 1930ರ ದಶಕದಲ್ಲೇ ಗೊತ್ತಾಗಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಕಣಿವೆಯಲ್ಲಿ ಸೇನೆಯ ವಿಮಾನ ತರಬೇತಿ ನೆಲೆಗಳು ಬಂದವು. ಬೇರೆ ಊರುಗಳಿಂದ ಬಂದ ಹುಡುಗರು ಒಬ್ಬರ ಹಿಂದೆ ಒಬ್ಬರು ಮಲಗತೊಡಗಿದರು. ಆಗ ಚಾರ್ಲ್ಸ್ ಸ್ಮಿತ್ ಎಂಬ ವೈದ್ಯರು ಅದನ್ನು ಅಧ್ಯಯನ ಮಾಡಿದರು. ಸೇನೆ ಖಾಲಿ ನೆಲದಲ್ಲಿ ಹುಲ್ಲು ಬೆಳೆಸಿತು, ರಸ್ತೆಗಳಿಗೆ ಡಾಂಬರು ಹಾಕಿಸಿತು, ಧೂಳು ಏಳದಂತೆ ನೋಡಿಕೊಂಡಿತು. ಸೋಂಕು ಗಣನೀಯವಾಗಿ ಇಳಿಯಿತು. ಧೂಳು ತಡೆದರೆ ಕಾಯಿಲೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ 1940ರ ದಶಕದಲ್ಲೇ ಪುರಾವೆ ಇತ್ತು, ಅಲ್ವಾ?

ಆಮೇಲೆ 2019ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಶಾಸಕ ರೂಡಿ ಸಲಾಸ್ ತಂದ ಮಸೂದೆ. ಕಾಯಿಲೆ ಜಾಸ್ತಿ ಇರುವ 11 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಕಟ್ಟಡ ಕಾಮಗಾರಿ ಮಾಡಿಸುವವರು ತಮ್ಮ ಕೆಲಸಗಾರರಿಗೆ ವ್ಯಾಲಿ ಫೀವರ್ ಬಗ್ಗೆ ಪ್ರತಿ ವರ್ಷ ತರಬೇತಿ ಕೊಡಲೇಬೇಕು. ಒಳ್ಳೆಯ ಕಾನೂನು. ಆದರೆ ಅದು ಕಾಮಗಾರಿಗಷ್ಟೇ. ಪಕ್ಕದ ಹೊಲದಲ್ಲಿ ಅದೇ ಮಣ್ಣು ಕೆದಕುವವರ ಹೆಸರು ಅದರಲ್ಲಿಲ್ಲ. ಸಾಮಾನ್ಯ ಸುರಕ್ಷತಾ ನಿಯಮಗಳು ಹೊಲಕ್ಕೂ ಅನ್ವಯಿಸುತ್ತವೆ, ನಿಜ. ಆದರೆ ಮಾಲೀಕ ತಾನಾಗಿ ಕರೆದು "ಈ ಧೂಳಲ್ಲಿ ಇಂಥ ಕಾಯಿಲೆ ಇದೆ, ಕೆಮ್ಮು ಬಂದರೆ ಹೀಗೆ ಮಾಡು" ಅಂತ ಹೇಳಲೇಬೇಕೆಂಬ ಸ್ಪಷ್ಟ ಕಾನೂನು ಹೊಲದವರಿಗೂ ಬೇಕು.

ಗಾಳಿ ಎಲ್ಲರಿಗೂ ಒಂದೇ, ಊರವರಿಗೂ ಬರುತ್ತದಲ್ಲ ಅನ್ನುವವರಿದ್ದಾರೆ. ಬರುತ್ತದೆ. ಆದರೆ ಮನೆಯ ಕಿಟಕಿ ಮುಚ್ಚಿ ಕೂತವರೂ ಬೆಳಗಿನಿಂದ ಧೂಳಿನ ನಡುವೆಯೇ ನಿಂತವರೂ ಒಂದೇ ಹೇಗಾಗುತ್ತಾರೆ? ಬಾದಾಮಿ ಕೊಯ್ಲು ನೋಡಿ. ಯಂತ್ರ ಮರ ಅಲುಗಾಡಿಸಿ ಕಾಯಿ ಉದುರಿಸುತ್ತದೆ. ಅದು ನೆಲದ ಮೇಲೇ ಒಣಗುತ್ತದೆ. ಆಮೇಲೆ ಗುಡಿಸಿ ಸಾಲು ಮಾಡಿ ಎತ್ತುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ತೋಟಗಳ ಮೇಲೆ ಧೂಳಿನ ಮೋಡ ನಿಂತಿರುತ್ತದೆ. ಕ್ಯಾಲಿಫೋರ್ನಿಯಾದಿಂದ ಹೊರದೇಶಕ್ಕೆ ಹೋಗುವ ಬಾದಾಮಿಯನ್ನು ಅತಿ ಹೆಚ್ಚು ಕೊಳ್ಳುವುದು ನಮ್ಮ ಭಾರತವೇ. ಇನ್ನು ದ್ರಾಕ್ಷಿ ತೋಟದಲ್ಲಿ ಎಲೆ ಕೀಳುವವರಿಗೆ ಎಲೆಯ ಮೇಲೆ ಕೂತ ಧೂಳೆಲ್ಲ ನೇರ ಮುಖಕ್ಕೇ ಬೀಳುತ್ತದೆ.

ಮಾಸ್ಕ್ ಕೊಟ್ಟರೆ ಆಯ್ತಲ್ಲ ಅಂತೀರಾ? ಎನ್95 ಮಾಸ್ಕ್ ಕೊಡಬೇಕು, ಅನುಮಾನವಿಲ್ಲ. ಆದರೆ 40 ಡಿಗ್ರಿ ಬಿಸಿಲಲ್ಲಿ, ಬುಟ್ಟಿ ಲೆಕ್ಕದ ಕೂಲಿಗೆ ಓಡುತ್ತಾ ಕೆಲಸ ಮಾಡುವವರು ಅದನ್ನು ದಿನವಿಡೀ ಹಾಕಿಕೊಂಡಿರುವುದು ಕಷ್ಟ. ಮೊದಲು ಧೂಳು ತಡೆಯಬೇಕು. ಅಗೆಯುವ ಮುಂಚೆ ನೀರು ಹಾಕಿ. ಟ್ರ್ಯಾಕ್ಟರ್‌ಗೆ ಫಿಲ್ಟರ್ ಇರುವ ಮುಚ್ಚಿದ ಕ್ಯಾಬಿನ್ ಕೊಡಿ. ಜೋರು ಗಾಳಿ ಬಂದಾಗ ಕೆಲಸ ನಿಲ್ಲಿಸಿ, ಆ ಹೊತ್ತಿನ ಕೂಲಿಯನ್ನೂ ಕೊಡಿ. ಬರಗಾಲದಲ್ಲಿ ಬೀಳು ಬಿಟ್ಟ ಜಮೀನಿಗೆ ಏನಾದರೂ ಹೊದಿಕೆ ಬೆಳೆ ಹಾಕಿ.

ಇಷ್ಟೇ ಮುಖ್ಯವಾದದ್ದು ಪತ್ತೆ ಹಚ್ಚುವುದು. ಎಕ್ಸ್‌ರೇಯಲ್ಲಿ ಇದು ಮಾಮೂಲಿ ನ್ಯುಮೋನಿಯಾ ಥರವೇ ಕಾಣುತ್ತದೆ. ಆಂಟಿಬಯೋಟಿಕ್ ಕೊಟ್ಟು ಕಳಿಸುತ್ತಾರೆ. ಅದು ಫಂಗಸ್‌ಗೆ ಏನೂ ಮಾಡುವುದಿಲ್ಲ. ನನಗೆ ಪರಿಚಯದ ಒಬ್ಬ ಹೆಂಗಸು, ಮೆಕ್ಸಿಕೋ ಕಡೆಯವರು, ಒಂದಾದ ಮೇಲೊಂದು ಆಂಟಿಬಯೋಟಿಕ್ ನುಂಗಿದರು. ರಕ್ತ ಪರೀಕ್ಷೆ ಬರೆದದ್ದು ತುಂಬಾ ತಡವಾಗಿ. ಅಷ್ಟರಲ್ಲಿ ಆ ಹಂಗಾಮಿನ ದುಡಿಮೆಯೇ ಹೋಗಿತ್ತು. ಪರಿಹಾರ ಕೇಳೋಣವೆಂದರೆ, ಸೋಂಕು ಹೊಲದಲ್ಲೇ ತಗುಲಿತು ಅಂತ ತೋರಿಸುವುದು ಹೇಗೆ? ಈ ದೇಶದಲ್ಲಿರಲು ಕಾಗದಪತ್ರ ಇಲ್ಲದ ವಲಸಿಗರಂತೂ ದೂರು ಕೊಡಲೂ ಹೆದರುತ್ತಾರೆ.

ನಮ್ಮವರಿಗೂ ಒಂದು ಮಾತು. ಈ ಕಣಿವೆಯಲ್ಲಿ ಇರುವವರಿಗೆ, ಬಂದು ಹೋಗುವವರಿಗೆ ವಾರಗಟ್ಟಲೆ ಕೆಮ್ಮು, ಸುಸ್ತು ಇದ್ದರೆ "ವ್ಯಾಲಿ ಫೀವರ್ ಟೆಸ್ಟ್ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಇನ್ನೂ ಹುಷಾರಾಗಿರಬೇಕು. ಮಕ್ಕಳ ಮನೆಗೆಂದು ಬಂದು ವಾಪಸ್ ಹೋದ ಅಪ್ಪ ಅಮ್ಮನಿಗೆ ಬೆಂಗಳೂರಲ್ಲಿ ಕೆಮ್ಮು ಶುರುವಾದರೆ, ಅಲ್ಲಿನ ಡಾಕ್ಟರಿಗೆ ಮೊದಲು ಹೊಳೆಯುವುದು ಟಿಬಿ. ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು ಅಂತ ತಪ್ಪದೆ ಹೇಳಲಿ.

ಇಲ್ಲಿ ವೋಟು ಇರುವ ಕನ್ನಡಿಗರು ನಿಮ್ಮ ಶಾಸಕರಿಗೆ ಬರೆಯಿರಿ. 2019ರ ಆ ಕಾನೂನಿಗೆ ಹೊಲದ ಕೂಲಿಯವರನ್ನೂ ಸೇರಿಸಿ, ತರಬೇತಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಸ್ಪ್ಯಾನಿಷ್, ಮಿಕ್ಸ್‌ಟೆಕ್ (ಮೆಕ್ಸಿಕೋದ ಮೂಲನಿವಾಸಿಗಳ ಭಾಷೆ), ಪಂಜಾಬಿಯಲ್ಲಿ ಇರಲಿ ಅಂತ ಕೇಳಿ.