ಮಂಗಳೂರಿನಲ್ಲಿ ಹಿಮಪಾತ

ಸಣ್ಣದೊಂದು ಕ್ಲಿನಿಕ್ ನಡೆಸಲು ಏನೇನು ಬೇಕು ಎಂದು ಹೊಸದಾಗಿ ಎಂಬಿಬಿಎಸ್ ಮುಗಿಸಿದ ಹುಡುಗರು ನನ್ನನ್ನು ಕೇಳುವುದುಂಟು. ಪ್ರಿಂಟರ್ ಬೇಕು, ಸ್ಕ್ಯಾನರ್ ಬೇಕು, ಕರೆಂಟು ಹೋದಾಗ ಇವೆರಡರ ಪ್ರಾಣ ಉಳಿಸುವ ಇನ್ವರ್ಟರ್ ಬೇಕು, ರಬ್ಬರ್ ಸ್ಟ್ಯಾಂಪ್ ಬೇಕು, ಅದನ್ನು ಒತ್ತಲು ನನ್ನಂಥ ನಿವೃತ್ತ ಬ್ಯಾಂಕ್ ನೌಕರನೊಬ್ಬ ಬೇಕು. ಇಷ್ಟಾದ ಮೇಲೂ ಜಾಗ ಉಳಿದರೆ ಒಬ್ಬ ವೈದ್ಯರನ್ನೂ ಕೂರಿಸಿಕೊಳ್ಳಬಹುದು. ನಮ್ಮಲ್ಲಿ ಆ ಉಳಿದ ಜಾಗದಲ್ಲಿ ನನ್ನ ಹೆಂಡತಿ ಕುಳಿತಿದ್ದಾಳೆ.

ಕಂಕನಾಡಿಯಲ್ಲಿ ಒಂದೂವರೆ ಕೋಣೆಯ ಕ್ಲಿನಿಕ್ ನಮ್ಮದು. ಒಂದು ಕೋಣೆ ದಾಖಲೆಗಳಿಗೆ, ಅರ್ಧ ಕೋಣೆ ರೋಗಿಗಳಿಗೆ. ನಾನು ದುಡಿದ ಬ್ಯಾಂಕು ವಿಲೀನವಾಗಿ ಹೆಸರೇ ಅಳಿಸಿಹೋಯಿತು. ಬ್ಯಾಂಕುಗಳ ತವರು ಎನಿಸಿಕೊಂಡ ಈ ಜಿಲ್ಲೆಗಳಲ್ಲಿ ಅದೇನು ಹೊಸ ಸಂಗತಿಯಲ್ಲ. ಆದರೆ ಕೆವೈಸಿ ಎಂಬುದು ಮಾತ್ರ ನನ್ನನ್ನು ಬಿಡದೆ ಹಿಂಬಾಲಿಸಿ ಇಲ್ಲಿಗೂ ಬಂದಿದೆ.

2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿ ಪ್ರಕಟಿಸಿತು. ರೋಗಿಗಳ ದಾಖಲೆಗಳೆಲ್ಲ ಮೂರು ವರ್ಷದೊಳಗೆ ಪೂರ್ತಿ ಡಿಜಿಟಲ್ ಆಗಬೇಕು ಎಂದಿತು. ಅದೇ ತಿಂಗಳ 23ಕ್ಕೆ ಆ ನಿಯಮಾವಳಿಯನ್ನೇ ತಡೆಹಿಡಿಯಿತು. ಒಂದು ಟೈಫಾಯ್ಡ್ ಜ್ವರದ ಆಯುಷ್ಯವೂ ಅದಕ್ಕೆ ಸಿಗಲಿಲ್ಲ. ಆದರೆ ಸಾಫ್ಟ್‌ವೇರ್ ಮಾರುವವನಿಗೆ ಮೂರು ವಾರ ಧಾರಾಳವಾಯಿತು. ನಿಯಮ ನಿಂತುಹೋಯಿತು, ವಾರ್ಷಿಕ ಚಂದಾ ನಿಲ್ಲಲಿಲ್ಲ.

ಈ ಸಾಫ್ಟ್‌ವೇರಿನ ಗುಣಗಾನ ಸ್ವಲ್ಪ ವಿಸ್ತಾರವಾಗಿಯೇ ಮಾಡಬೇಕು. ರೋಗ ಯಾವುದೆಂದು ಅದಕ್ಕೆ ಮಾತಿನಲ್ಲಿ ಹೇಳಿದರೆ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಕೇತಪಟ್ಟಿಯಿಂದ ಆರಿಸಬೇಕು. ತುಳುವರ ಆಟಿ ತಿಂಗಳ ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ, ಬಟ್ಟೆ ತೆಗೆಯಲು ಓಡಿದವರು ಜಾರುತ್ತಾರೆ, ಸೊಂಟ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಬೀಳುವುದಕ್ಕೆ ಪಟ್ಟಿಯಲ್ಲಿರುವ ಮೊದಲ ಸಂಕೇತ ಡಬ್ಲ್ಯು00: ಮಂಜುಗಡ್ಡೆ ಮತ್ತು ಹಿಮದ ಮೇಲೆ ಬಿದ್ದದ್ದು. ಬರಿದೇ ಜಾರಿ ಬಿದ್ದದ್ದು ಅದರ ಕೆಳಗಿನದು, ಡಬ್ಲ್ಯು01. ಅದರ ಕೆಳಗೆ ಸ್ಕೀಯಿಂಗ್ ಮಾಡುವಾಗ ಬಿದ್ದದ್ದು. ತೆಂಗು, ಕಂಗುಗಳಿಂದ ಬಿದ್ದವರು ಡಬ್ಲ್ಯು14ರವರೆಗೆ ನರಳುತ್ತಾ ಕಾಯಬೇಕು. ಹೊರಗೆ ಬೆಂಚಿನ ತುಂಬ ಜನ ಕೆಮ್ಮುತ್ತಿರುವಾಗ ನಮ್ಮ ಕಂಪ್ಯೂಟರಿನ ಹುಡುಗಿ ಮೊದಲು ಕಂಡದ್ದನ್ನು ಒತ್ತಿ ಮುಂದಕ್ಕೆ ಹೋಗುತ್ತಾಳೆ. ಹಾಗಾಗಿ ಜುಲೈ ತಿಂಗಳಲ್ಲಿ ಕಂಕನಾಡಿ, ಪಂಪ್‌ವೆಲ್, ಜೆಪ್ಪು ಪ್ರದೇಶಗಳಲ್ಲಿ ಭಾರೀ ಹಿಮ ಬಿದ್ದಿರುವುದು ನಮ್ಮ ದಾಖಲೆಗಳಿಂದ ಸಿದ್ಧವಾಗುತ್ತದೆ. ಮುಂದೊಂದು ದಿನ ಯಾರಾದರೂ ಇದರ ಮೇಲೆ ಪಿಎಚ್‌ಡಿ ಮಾಡಿದರೆ ನಾನು ಜವಾಬ್ದಾರನಲ್ಲ.

ಇನ್ನು ಹೆಂಡತಿಯ ಹಳೆಯ ಕಾರ್ಡುಗಳು. ಒಂದರ ಮೂಲೆಯಲ್ಲಿ ‘ಸಕ್ಕರೆ ಇದೆ, ಮದುವೆಗೆ ಹೋಗಿ ಬಂದಿದ್ದಾರೆ, ಒಪ್ಪುವುದಿಲ್ಲ’ ಎಂದು ಬರೆದಿದ್ದಾಳೆ. ಇನ್ನೊಂದರಲ್ಲಿ ‘ಅತ್ತೆ ಹೊರಗೆ ಹೋದ ಮೇಲೆ ಮತ್ತೊಮ್ಮೆ ಕೇಳುವುದು’. ಇವುಗಳಿಗೆ ಸಾಫ್ಟ್‌ವೇರಿನಲ್ಲಿ ಜಾಗ ಎಲ್ಲಿ ಎಂದು ಕಂಪನಿಗೆ ಫೋನ್ ಮಾಡಿ ಕೇಳಿದೆ. ‘ಇತರೆ’ ಎಂಬಲ್ಲಿ ಹಾಕಿ ಸರ್, ಆದರೆ ಅದು ಸೇವ್ ಆಗುವುದಿಲ್ಲ ಎಂದರು. ಪ್ರಾಮಾಣಿಕರು.

2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಯಿತು. ಪ್ರತಿಯೊಬ್ಬರಿಗೂ ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ. ಇದು ಸಂಪೂರ್ಣ ಸ್ವಯಂಪ್ರೇರಿತ ಎಂದು ಸರಕಾರ ಹೇಳುತ್ತದೆ. ಎಷ್ಟು ಮಂದಿಗೆ ಮಾಡಿಸಿದ್ದೀರಿ ಎಂದು ಕೇಳಲು ಬರುವವರ ಮುಖದಲ್ಲಿ ಮಾತ್ರ ಆ ಸ್ವಯಂಪ್ರೇರಣೆ ಅಷ್ಟಾಗಿ ಕಾಣಿಸುವುದಿಲ್ಲ.

ಉಳ್ಳಾಲದಿಂದ ಬೀಡಿ ಕಟ್ಟುವ ಹೆಂಗಸೊಬ್ಬರು ಬೆನ್ನು ನೋವೆಂದು ಬಂದರು. ಆಭಾ ಮಾಡಿಸಲು ಆಧಾರ್ ಹಾಕಿದೆವು. ಒಟಿಪಿ ಹೋಯಿತು, ಆದರೆ ಅವರ ಮೊಬೈಲಿಗಲ್ಲ. ಆಧಾರಿಗೆ ಜೋಡಿಸಿದ ನಂಬರು ದುಬೈಯಲ್ಲಿರುವ ಮಗನದು. ಅವನಿಗೆ ವಾಟ್ಸ್ಆ್ಯಪ್ ಕರೆ ಮಾಡಿದರೆ ಕೆಲಸದಲ್ಲಿದ್ದಾನೆ, ಎತ್ತುವುದಿಲ್ಲ. ಎತ್ತುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಎರಡನೆಯದಕ್ಕೆ ಅವನು ಗಾಬರಿಯಿಂದ, ‘ಅಮ್ಮನಿಗೆ ಏನಾಗಿದೆ, ಟಿಕೆಟ್ ಮಾಡಲೇ?’ ಎಂದು ಕೇಳಿದ. ಟಿಕೆಟ್ ಅಲ್ಲ, ಒಟಿಪಿ ಬೇಕು ಎಂದು ತಿಳಿಸಿ ಹೇಳಿದೆ. ಸಾಲು ಬಾಗಿಲು ದಾಟಿ ರಸ್ತೆಗೆ ಇಳಿದಿತ್ತು. ಹೆಂಗಸು ನನ್ನನ್ನೇ ನೋಡಿ, ‘ನನ್ನ ಬೆನ್ನಿಗೆ ಮದ್ದು ಕೊಡಲಿಕ್ಕೆ ಅವನನ್ನು ಯಾಕೆ ಕೇಳುವುದು ಮಾರಾಯರೇ?’ ಎಂದರು. ಒಳಗೆ ಹೆಂಡತಿ ಎರಡೇ ನಿಮಿಷದಲ್ಲಿ ಬೆನ್ನು ನೋಡಿ, ಕೂರುವ ಮಣೆಯನ್ನು ಎತ್ತರಿಸಿಕೊಳ್ಳಲು ಹೇಳಿ, ಮಾತ್ರೆ ಬರೆದು ಕಳಿಸಿದಳು. ಅದು ಯಾವ ದಾಖಲೆಯಲ್ಲೂ ಬರಲಿಲ್ಲ.

ಇಷ್ಟರ ನಡುವೆ ನಿಜವಾದ ಮರ್ಯಾದೆ ಸಿಕ್ಕಿರುವುದು ಹತ್ತಿಗೆ. ರಕ್ತ ಒರೆಸಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಇದೆಲ್ಲ ನ್ಯಾಯವೇ, ಸೂಜಿ ಚುಚ್ಚಿಸಿಕೊಳ್ಳುವ ಪೌರಕಾರ್ಮಿಕರನ್ನು ಕಂಡವರು ಇದಕ್ಕೆ ತಕರಾರು ತೆಗೆಯಲಾರರು. ಆದರೆ ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಅಲ್ಲಿಗೆ ನಿಲ್ಲಲಿಲ್ಲ. ಚಿಕಿತ್ಸಾಲಯಗಳು ಎರಡು ವರ್ಷದೊಳಗೆ ಸ್ವಂತ ವೆಬ್‌ಸೈಟ್ ಮಾಡಿಕೊಂಡು ಕಸದ ವಾರ್ಷಿಕ ವರದಿಯನ್ನು ಅದರಲ್ಲಿ ಪ್ರಕಟಿಸಬೇಕು ಎಂದವು. ವೈದ್ಯರ ಹೆಸರಿನಲ್ಲಿ ವೆಬ್‌ಸೈಟ್ ಇಲ್ಲದ ಕ್ಲಿನಿಕ್ಕಿನಲ್ಲಿ ಹತ್ತಿಯ ಹೆಸರಿನಲ್ಲಿ ಒಂದು ಎದ್ದು ನಿಂತಿತು. ರೋಗಿಯ ಬಾರ್‌ಕೋಡ್ ಇನ್ನೂ ಬರಬೇಕು, ಚೀಲದ್ದು ಬಂದಾಗಿದೆ.

ಈಗ ಖಾಸಗಿತನದ ಸರದಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ರೋಗಿಯಿಂದ ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಅವಕಾಶ ಅವರಿಗಿರಬೇಕು. ಕೊಂಕಣಿ 1992ರಲ್ಲೇ ಒಳಗೆ ಸೇರಿಕೊಂಡಿತು, ಅವರ ಖಾಸಗಿತನ ಭದ್ರ. ಡೋಗ್ರಿಯವರು ಜಮ್ಮುವಿನ ಕಡೆಯಿಂದ ಬಂದರೆ ಅವರಿಗೂ ವ್ಯವಸ್ಥೆ ಇದೆ, ಹಿಮದಲ್ಲಿ ಜಾರಿದವರಾದರೆ ಸಂಕೇತವೂ ಸಿದ್ಧವಿದೆ. ತುಳು ಮತ್ತು ಬ್ಯಾರಿ ಪಟ್ಟಿಯಲ್ಲಿಲ್ಲ. ನಮ್ಮ ಬೆಂಚಿನ ಮುಕ್ಕಾಲು ಪಾಲು ಜನ ಹೊಟ್ಟೆನೋವನ್ನು ತುಳುವಿನಲ್ಲಿ ಅನುಭವಿಸಿ, ಒಪ್ಪಿಗೆಯನ್ನು ಬೇರೊಂದು ಭಾಷೆಯಲ್ಲಿ ಕೊಡಬೇಕು.

ದತ್ತಾಂಶ ಕಾಪಾಡಲು ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಂಕಿ ಎಂದು ವಕೀಲರು ಸಮಾಧಾನ ಹೇಳಿದರು. ಬ್ಯಾಂಕಿನವನಿಗೆ ಸಮಾಧಾನ ಸಾಲದು, ಕಂತು ಬೇಕು. ಕ್ಯಾಲ್ಕುಲೇಟರ್ ತೆಗೆದುಕೊಂಡು ಕುಳಿತೆ. ನಮ್ಮ ಫೀಸು 200 ರೂಪಾಯಿ, ದಿನಕ್ಕೆ 40 ರೋಗಿಗಳು. ಬಾಡಿಗೆ, ಸಂಬಳ, ಸಾಫ್ಟ್‌ವೇರಿನ ಚಂದಾ ಯಾವುದನ್ನೂ ಕಳೆಯದೆ, ಭಾನುವಾರವೂ ದೀಪಾವಳಿಗೂ ಬಾಗಿಲು ತೆರೆದಿಟ್ಟರೆ 856 ವರ್ಷದಲ್ಲಿ ತೀರುತ್ತದೆ. ಹೆಂಡತಿಗೆ ತೋರಿಸಿದೆ. ಅಷ್ಟರೊಳಗೆ ಕೆಪಿಎಂಇ ನೋಂದಣಿಯ ಅವಧಿ ಮುಗಿಯುವುದಿಲ್ಲವೇ ಎಂದು ಕೇಳಿದಳು. ಮುಗಿಯುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಆ ನೋಂದಣಿ ಐದು ವರ್ಷಕ್ಕೊಮ್ಮೆ, ಅಂದರೆ 171 ಸಲ ನವೀಕರಿಸಬೇಕು. ಅರ್ಜಿ ಪೂರ್ತಿ ಆನ್‌ಲೈನ್. ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಟ್ಯಾಂಪ್ ಒತ್ತಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದರೆ ಮುಗಿಯಿತು. ಆಮೇಲೆ ಪ್ರಿಂಟಿನ ಎರಡು ಪ್ರತಿಗಳನ್ನು ಕಚೇರಿಗೆ ಒಯ್ದು ಕೊಡಬೇಕು, ಏಕೆಂದರೆ ಅಲ್ಲಿ ಆ ಹೊತ್ತಿಗೆ ಸರ್ವರ್ ಇರುವುದಿಲ್ಲ.